ಆಂಗ್ಲಭಾಷೆಯ ‘ಗೆಟ್’ ಧಾತು: ಒಂದು ವಿಮರ್ಶೆ

ಆಂಗ್ಲಭಾಷೆಯ ನಿತ್ಯವ್ಯವಹಾರದ ಕ್ರಿಯಾಪದಗಳಲ್ಲಿ ‘ಗೆಟ್’ ಎಂಬುದರಂತೆ ಅತಿಯಾದ ಬಳಕೆಯನ್ನೂ ಅನಾದರವನ್ನೂ ಒಟ್ಟಿಗೆ ಪಡೆದವು ವಿರಳ. ಇದು ಗ್ರಾಮ್ಯವೆಂದೂ, ಅರ್ಥದಲ್ಲಿ ಸಡಿಲವೆಂದೂ, ಸಾಧ್ಯವಾದಲ್ಲೆಲ್ಲ ಇದರ ಸ್ಥಾನದಲ್ಲಿ ಬೇರೊಂದನ್ನು ಇಡಬೇಕೆಂದೂ ರಚನಾಶಿಕ್ಷಕರು ಬಹುಕಾಲದಿಂದ ವಿಧಿಸುತ್ತ ಬಂದಿರುವರು. ಈ ತೀರ್ಪಿನ ನ್ಯಾಯಾನ್ಯಾಯವು ವಿಚಾರಾರ್ಹವಾಗಿದೆ.

ಪದದ ಕುಲವು ಹೀನವಾದುದಲ್ಲ. ಇದು ಪ್ರಾಚೀನ ನಾರ್ಸ್ ಭಾಷೆಯ ‘ಗೆತ’ ಎಂಬುದರಿಂದ ಬಂದುದು; ‘ಫರ್‌ಗೆಟ್’, ‘ಬಿಗೆಟ್’ ಎಂಬವುಗಳಲ್ಲಿ ಇದೇ ಮೂಲದ ದೇಶೀಯ ರೂಪವು ಅದಕ್ಕೂ ಮೊದಲೇ ಇದ್ದಿತು. ಹಿಡಿ ಎಂಬರ್ಥದ ಲ್ಯಾಟಿನ್ ಧಾತು ‘ಪ್ರೆಹೆಂಡೆರೆ’ ಇದರ ಜ್ಞಾತಿ. ವಿದ್ವತ್ಪದವಾದ ‘ಕಾಂಪ್ರಿಹೆಂಡ್’ ಅದರಿಂದಲೇ ಹುಟ್ಟಿತು. ಆದುದರಿಂದ ‘ಐ ಗೆಟ್ ಇಟ್’ ಎಂದು ಬೀದಿಯಲ್ಲಿ ಹೇಳುವವನೂ ‘ಐ ಕಾಂಪ್ರಿಹೆಂಡ್’ ಎಂದು ಸಭೆಯಲ್ಲಿ ನುಡಿಯುವವನೂ ಒಂದೇ ಬೇರನ್ನು ಆಶ್ರಯಿಸಿರುವರು. ಕನ್ನಡದಲ್ಲಿ ಸಂಸ್ಕೃತಮೂಲವಾದ ‘ಗ್ರಹಿಸು’ ಎಂಬುದೂ ಹಿಡಿಯುವುದರಿಂದ ತಿಳಿಯುವುದಕ್ಕೆ ಹೀಗೆಯೇ ಸಾಗಿದೆ.

ಅರ್ಥಬಾಹುಳ್ಯವೂ ಅವ್ಯವಸ್ಥೆಯಲ್ಲ. ಕಾಗದವು ಬಂದಿತು, ಕತ್ತಲಾಯಿತು, ಮನೆ ಸೇರಿದನು, ಮನೆಗೆ ಬಣ್ಣ ಹಾಕಿಸಿದನು, ಏಟು ತಿಂದನು, ಹೋಗಲೇಬೇಕು ಎಂಬ ಆರು ಭಾವಗಳನ್ನೂ ಆಂಗ್ಲನು ಈ ಒಂದರಿಂದಲೇ ಹೇಳಬಲ್ಲನು. ಮುಂದೆ ನಾಮಪದ ಬಂದರೆ ಪ್ರಾಪ್ತಿ, ಗುಣವಾಚಕ ಬಂದರೆ ವಿಕಾರ, ಸ್ಥಳವಾಚಕ ಬಂದರೆ ಗತಿ. ಹೀಗೆ ವಾಕ್ಯರಚನೆಯೇ ಅರ್ಥವನ್ನು ಬಹುಮಟ್ಟಿಗೆ ನಿಯಮಿಸುವುದು. ಅಮೆರಿಕದವರು ‘ಹ್ಯಾವ್ ಗಾಟ್’ ಎಂಬುದನ್ನು ಇರುವುದಕ್ಕೂ, ‘ಹ್ಯಾವ್ ಗಾಟನ್’ ಎಂಬುದನ್ನು ದೊರೆತುದಕ್ಕೂ ಬೇರ್ಪಡಿಸಿ ಬಳಸುವರು. ಸಡಿಲವೆನ್ನುವ ಪದದಲ್ಲಿ ಇಂಥ ಸೂಕ್ಷ್ಮಭೇದವು ಉಳಿದಿರುವುದು ಗಮನಾರ್ಹ.

1755ರಲ್ಲಿ ಕೋಶವನ್ನು ಪ್ರಕಟಿಸಿದ ಜಾನ್ಸನ್ ಪಂಡಿತನು ಭಾಷೆಯನ್ನು ಸ್ಥಿರಗೊಳಿಸುವ ಆಸೆಯು ವ್ಯರ್ಥವೆಂದು ಪೀಠಿಕೆಯಲ್ಲಿಯೇ ಒಪ್ಪಿದನು. 1884ರಿಂದ 1928ರವರೆಗೆ ಹೊರಬಂದ ಆಕ್ಸ್‌ಫರ್ಡಿನ ಮಹಾಕೋಶವು ವಿಧಿಸುವುದಕ್ಕೆ ಬದಲಾಗಿ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಜೋಡಿಸಿ ತೋರಿಸಿತು. ಶಾಲೆಯ ನಿಷೇಧವು ಈ ಮಾರ್ಗವನ್ನು ಅನುಸರಿಸಲಿಲ್ಲ.

ಇದರ ಫಲವು ಕನ್ನಡ ಭಾಷಾಂತರದಲ್ಲಿಯೂ ಕಾಣುವುದು. ‘ಹಿ ಗಾಟ್ ಬೀಟನ್’ ಎಂಬುದನ್ನು ‘ಅವನು ಹೊಡೆಯಲ್ಪಟ್ಟನು’ ಎಂದರೆ ಕರ್ಮಣಿ ಪ್ರಯೋಗವು ವ್ಯಾಕರಣಕ್ಕೆ ಒಪ್ಪಬಹುದು, ಆದರೆ ಮಾತಿನ ಧಾಟಿಯು ಕೆಡುವುದು. ಮೂಲವು ಆಡುಮಾತು, ಪೆಟ್ಟು ಅವನ ಪಾಲಿಗೆ ಬಂದಿತೆಂಬ ಛಾಯೆ ಅದರಲ್ಲಿದೆ. ‘ಏಟು ತಿಂದನು’ ಎಂಬುದು ಆ ಛಾಯೆಯನ್ನೂ ಧಾಟಿಯನ್ನೂ ಉಳಿಸುವುದು. ಕೃತಕ ಕರ್ಮಣಿಯನ್ನು ಶುದ್ಧವೆಂದು ಬೋಧಿಸುವಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳ ಜೀವವನ್ನೂ ಕಳೆದುಕೊಳ್ಳುವನು. ಅಧ್ಯಾಪಕರು ನಿಷೇಧವನ್ನು ಹೇಳುವ ಮುನ್ನ, ಪ್ರತಿಯೊಂದು ಪ್ರಯೋಗಕ್ಕೂ ಕನ್ನಡದಲ್ಲಿ ಸಹಜವಾಗಿ ಸಲ್ಲುವ ಕ್ರಿಯಾಪದವಾವುದೆಂದು ವಿದ್ಯಾರ್ಥಿಗಳಿಂದಲೇ ಹುಡುಕಿಸುವುದು ಯುಕ್ತವಾಗಿದೆ.