ಕಾಲು ಗಂಟೆಗೊಂದು ಸೀಳು

ನಮ್ಮ ದೇಶದ ಹೊಳೆ, ಗದ್ದೆಗಳ ನೀರಿನಲ್ಲಿ ಈಜಾಡುವ ಪುಟ್ಟ ಜೀಬ್ರಾ ಮೀನಿನ ಮೊಟ್ಟೆ ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೆ ಅದು ಪಾರದರ್ಶಕ. ಪೊರೆ ಕೀಳದೆ, ಬಣ್ಣ ಹಾಕದೆ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು, ಒಂದು ಜೀವ ರೂಪುಗೊಳ್ಳುವುದನ್ನು ಕಣ್ಣಾರೆ ಕಾಣಬಹುದು.

28.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಮೊಟ್ಟೆ ಫಲಿತಗೊಂಡ ಮುಕ್ಕಾಲು ಗಂಟೆಗೆ ಮೊದಲ ಗೆರೆ ಮೂಡುತ್ತದೆ. ಆಹಾರ ತುಂಬಿದ ಭಂಡಾರದ ನೆತ್ತಿಯ ಮೇಲೆ ಉಬ್ಬಿ ಕೂತ ಕೋಶದ ನಡುವೆ ಸಣ್ಣ ತೋಡು ಇಳಿಯುತ್ತದೆ, ಒಂದು ಎರಡಾಗುತ್ತದೆ. ಭಂಡಾರ ಮಾತ್ರ ಸೀಳುವುದಿಲ್ಲ. ಮುಂದೆ ಹೆಚ್ಚುಕಮ್ಮಿ ಕಾಲು ಗಂಟೆಗೊಂದು ಸೀಳು. ಎರಡನೆಯದು ಮೊದಲನೆಯದನ್ನು ಅಡ್ಡ ಹಾಯ್ದು 4. ಆಮೇಲೆ ನಾಲ್ಕು ನಾಲ್ಕರ ಎರಡು ಸಾಲು. ಕೋಶಗಳು 16 ಆದಾಗ ತಟ್ಟೆಯಲ್ಲಿ ಗೆರೆ ಎಳೆದ ಮೈಸೂರು ಪಾಕಿನಂಥ ಚೊಕ್ಕ ಚೌಕ! ಆರನೆಯ ಸೀಳು ಮಟ್ಟಸವಾಗಿ ಹಾಯುತ್ತದೆ, ಕೋಶಗಳು ಎರಡು ಅಂತಸ್ತಾಗುತ್ತವೆ.

ಎಂಥ ಶಿಸ್ತು!

ನಡುವೆ ಬೆಳೆಯಲು ಪುರುಸೊತ್ತಿಲ್ಲದ ಕೋಶಗಳು ಪ್ರತಿ ಸೀಳಿಗೂ ಕಿರಿದಾಗುತ್ತವೆ. ಆದರೂ ಒಂದೊಂದಕ್ಕೂ ಡಿಎನ್‌ಎಯ ಪೂರ್ಣ ಪ್ರತಿ ಸಿಗುತ್ತದೆ. ಈ ಅವಸರದ ದುಡಿಮೆಗೆ ಬೇಕಾದ ಆರ್‌ಎನ್‌ಎ, ಪ್ರೋಟೀನುಗಳನ್ನು ತಾಯಿ ಮೊದಲೇ ಮೊಟ್ಟೆಯಲ್ಲಿ ಕೂಡಿಟ್ಟಿರುತ್ತಾಳೆ. ಮೂರು ಗಂಟೆಯ ಹೊತ್ತಿಗೆ ಕೋಶಗಳು ಸಾವಿರದ ಸಮೀಪ ಬರುತ್ತವೆ. ಒಟ್ಟಿಗೆ ಸೀಳುವ ತಾಳ ಆಗ ಸಡಿಲಗೊಂಡು, ಭ್ರೂಣದ ಸ್ವಂತ ಜೀನುಗಳು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕಿಳಿಯುತ್ತವೆ. ಒಂದು ದಿನ ತುಂಬುವಷ್ಟರಲ್ಲಿ ಹೃದಯ ಬಡಿಯತೊಡಗುತ್ತದೆ.

ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಈ ಮೀನನ್ನು ತಳಿಶಾಸ್ತ್ರದ ಅಧ್ಯಯನಕ್ಕೆ ಒಗ್ಗಿಸಿ, 1981ರಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಇಂದು ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ವಿಜ್ಞಾನಿಗಳು ಜೀಬ್ರಾ ಮೀನನ್ನು ಸಾಕಿ ಅಧ್ಯಯನ ಮಾಡುತ್ತಿದ್ದಾರೆ.