ಸ್ಟೋ ಉದ್ಯಾನದ ಮಂದಿರಗಳು: ಶಿಲ್ಪದಲ್ಲಿ ವಿಡಂಬನೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರು ತಮ್ಮ ಹಳ್ಳಿಗಾಡಿನ ಜಹಗೀರುಗಳಲ್ಲಿ ವಾಸಕ್ಕೂ ಪೂಜೆಗೂ ಒದಗದ ಮಂದಿರಗಳನ್ನೂ ಗೋಪುರಗಳನ್ನೂ ಕೃತಕ ಭಗ್ನಾವಶೇಷಗಳನ್ನೂ ನಿಲ್ಲಿಸಿದರು. ಇಂಥ ಕಟ್ಟಡಕ್ಕೆ ಅಲ್ಲಿ ‘ಫಾಲಿ’, ಎಂದರೆ ಮರುಳುತನ, ಎಂಬ ಹೆಸರು ಸಲ್ಲುತ್ತದೆ. ಹೆಸರನ್ನೇ ತೀರ್ಪೆಂದು ಭಾವಿಸಿ, ಇವೆಲ್ಲ ಧನಮದದಿಂದ ಹುಟ್ಟಿದ ಅರ್ಥಹೀನ ಅಲಂಕಾರಗಳೆಂದು ತಳ್ಳಿಹಾಕುವುದು ಸುಲಭ. ಬಕಿಂಗ್‌ಹ್ಯಾಮ್‌ಷೈರಿನ ಸ್ಟೋ ಉದ್ಯಾನವನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ನಿಲ್ಲಲಾರದು. ಅಲ್ಲಿನ ಮಂದಿರಗಳು ಕಾವ್ಯದಂತೆ ಓದಿಸಿಕೊಳ್ಳಲೆಂದೇ ನಿರ್ಮಿತವಾದವು. ಅವುಗಳಲ್ಲಿ ಅರ್ಥವಿದೆಯೆ ಎಂಬುದಕ್ಕಿಂತ, ಆ ಅರ್ಥದ ಯೋಗ್ಯತೆ ಎಷ್ಟು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಸ್ಟೋವಿನ ಒಡೆಯನಾದ ಲಾರ್ಡ್ ಕಾಬ್‌ಹ್ಯಾಮನು ಸೇನಾಧಿಕಾರಿ, ವಿಗ್ ಪಕ್ಷದವನು. 1733ರಲ್ಲಿ ರಾಬರ್ಟ್ ವಾಲ್‌ಪೋಲನ ಅಬಕಾರಿ ಸುಂಕದ ಮಸೂದೆಯನ್ನು ವಿರೋಧಿಸಿದ್ದರಿಂದ ತನ್ನ ರೆಜಿಮೆಂಟನ್ನು ಕಳೆದುಕೊಂಡನು. ಆ ದಶಕದಲ್ಲಿಯೇ ವಿಲಿಯಂ ಕೆಂಟನ ಯೋಜನೆಯಂತೆ ಉದ್ಯಾನದ ಒಂದು ಕಣಿವೆ ಗ್ರೀಕರ ಪುಣ್ಯಲೋಕದ ಹೆಸರನ್ನು ತಳೆಯಿತು. ಅಲ್ಲಿ ‘ಪ್ರಾಚೀನ ಸದ್ಗುಣ ಮಂದಿರ’ವು ವೃತ್ತಾಕಾರದಲ್ಲಿ ಅಖಂಡವಾಗಿ ನಿಂತಿತು, ಒಳಗೆ ಹೋಮರ್, ಸಾಕ್ರಟೀಸ್, ಲೈಕರ್ಗಸ್, ಎಪಮಿನೋಂಡಸರ ಪ್ರತಿಮೆಗಳು. ಅದರ ಸಮೀಪದಲ್ಲಿ ‘ಆಧುನಿಕ ಸದ್ಗುಣ ಮಂದಿರ’ವನ್ನು ಪಾಳುಬಿದ್ದ ರೂಪದಲ್ಲಿಯೇ ಕಟ್ಟಿಸಲಾಯಿತು. ಅಲ್ಲಿದ್ದ ರುಂಡವಿಲ್ಲದ ಪ್ರತಿಮೆಯನ್ನು ವಾಲ್‌ಪೋಲನದೆಂದು ಗುರುತಿಸುತ್ತಾರೆ.

ಈ ಎರಡರಲ್ಲಿ ಯಾವುದೊಂದೂ ತಾನಾಗಿಯೇ ನಿಂದೆಯನ್ನು ನುಡಿಯುವುದಿಲ್ಲ. ನಿಂದೆ ಹೊಮ್ಮುವುದು ಅವುಗಳ ಸಾಮೀಪ್ಯದಿಂದ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯವು ಮಂದಿರ, ವ್ಯಂಗ್ಯವು ಸಮಕಾಲೀನ ಆಡಳಿತದ ಅಧಃಪತನ. ಒಂದನ್ನು ನೋಡಿ ಇನ್ನೊಂದರತ್ತ ನಡೆಯುವ ಸಹೃದಯನ ಮನಸ್ಸಿನಲ್ಲಿ ಮಾತ್ರ ಕೃತಿ ಪೂರ್ಣವಾಗುತ್ತದೆ. ಇದು ನಿಜವಾದ ಕಲ್ಪನಾಶಕ್ತಿಯ ಕೆಲಸ.

ನೀರಿನಾಚೆಯ ‘ಬ್ರಿಟಿಷ್ ಮಹನೀಯರ ಮಂದಿರ’ದಲ್ಲಿ ಈ ಸೂಕ್ಷ್ಮತೆ ಉಳಿದಿಲ್ಲ. ಅಲ್ಲಿನ 16 ಎದೆಮಟ್ಟದ ಪ್ರತಿಮೆಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್, ನ್ಯೂಟನ್, ಲಾಕ್ ಮೊದಲಾದವರೊಡನೆ ಸರ್ ಜಾನ್ ಬಾರ್ನಾರ್ಡನೂ ಸ್ಥಾನ ಪಡೆದಿದ್ದಾನೆ. ಪಾರ್ಲಿಮೆಂಟಿನಲ್ಲಿ ವಾಲ್‌ಪೋಲನನ್ನು ಎದುರಿಸಿದ ಈತ ಆಗಿನ್ನೂ ಬದುಕಿದ್ದನು. ಕಾಲದ ಪರೀಕ್ಷೆಯಲ್ಲಿ ಗೆದ್ದವರ ಪಂಕ್ತಿಗೆ ಪಕ್ಷದ ಮಿತ್ರನನ್ನು ಸೇರಿಸಿದಾಗ ಕಾವ್ಯವು ಕರಪತ್ರದ ಮಟ್ಟಕ್ಕೆ ಇಳಿಯುತ್ತದೆಂಬುದು ನಮ್ಮ ಅಭಿಪ್ರಾಯ.

ಇದಕ್ಕಿಂತ ಗುರುತರವಾದ ದೋಷವೊಂದಿದೆ. 1740ರ ದಶಕದಲ್ಲಿ ಇದೇ ಉದ್ಯಾನದಲ್ಲಿ ಜೇಮ್ಸ್ ಗಿಬ್ಸನ ವಿನ್ಯಾಸದ ಗಾಥಿಕ್ ಮಂದಿರವೊಂದು ಪೂರ್ವಿಕರ ಸ್ವಾತಂತ್ರ್ಯಕ್ಕೆ ಅರ್ಪಿತವಾಗಿ ಎದ್ದಿತು. ಆದರೆ ಈ ಉದ್ಯಾನ ಬೆಳೆಯುತ್ತ ಹೋದಂತೆ ಸ್ಟೋ ಗ್ರಾಮವೇ ಅಳಿದುಹೋಯಿತು. ಒಕ್ಕಲುಗಳ ಮನೆಗಳು ಉಳಿಯಲಿಲ್ಲ. ಮಧ್ಯಯುಗದ ಸೇಂಟ್ ಮೇರಿ ಚರ್ಚು ಮಾತ್ರ ಮರಗಳ ಮರೆಯಲ್ಲಿ ಇಂದಿಗೂ ಉಳಿದಿದೆ. ಪಾಳುಮಂದಿರವನ್ನು ಹಣ ಕೊಟ್ಟು ಕಟ್ಟಿಸಿ ಎಲ್ಲರಿಗೂ ತೋರಿಸಿದ ಒಡೆತನವು ತಾನೇ ಪಾಳುಗೆಡವಿದ ಊರಿನ ಗುರುತನ್ನು ಮರೆಮಾಡಿತು. ಅನ್ಯರ ಅವನತಿಯನ್ನು ಕಂಡ ವಿಡಂಬನಕಾರನ ದೃಷ್ಟಿ ತನ್ನ ಅಂಗಳದತ್ತ ಹೊರಳಲಿಲ್ಲ.

ಮುಂದಿನ ಚರಿತ್ರೆ ಸುಪರಿಚಿತ. ಸಾಲದಲ್ಲಿ ಮುಳುಗಿದ ವಂಶದ ಸರಕು 1848ರಲ್ಲಿ 40 ದಿನಗಳ ಹರಾಜಿನಲ್ಲಿ ಚದುರಿಹೋಯಿತು. 1923ರಲ್ಲಿ ಅರಮನೆ ಶಾಲೆಯಾಯಿತು. 1989ರಲ್ಲಿ ಉದ್ಯಾನ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಆಧುನಿಕ ಸದ್ಗುಣ ಮಂದಿರದ ಅಲ್ಪ ಅವಶೇಷವಷ್ಟೇ ಈಗ ಉಳಿದಿದೆ. ವಾಲ್‌ಪೋಲನ ಮೇಲಿನ ಕಟಕಿಗೆ ಇಂದು ಟಿಪ್ಪಣಿ ಬೇಕು. ಊರಿಲ್ಲದ ಊರಚರ್ಚಿಗೆ ಬೇಕಿಲ್ಲ. ಸ್ಟೋವನ್ನು ಅಭ್ಯಸಿಸುವ ವಿದ್ಯಾರ್ಥಿ ಕೆಂಟನ ಪ್ರತಿಭೆಯನ್ನು ಮೆಚ್ಚಲಿ. ಆದರೆ ಮಂದಿರಗಳ ಪಟ್ಟಿಗೆ ಈ ಚರ್ಚನ್ನೂ ಸೇರಿಸಿ ಓದಲಿ. ಆಗಲೇ ಆ ಉದ್ಯಾನದ ಪೂರ್ಣಾರ್ಥ ದೊರೆಯುತ್ತದೆಂದು ನಾವು ನಂಬುತ್ತೇವೆ.