ಹಂಚಿನ ಮನೆಗಳೂ ಇಂಗ್ಲಿಷಿನ ಬಹುವಚನವೂ

ಮಂಗಳೂರಿನ ಬಾವುಟಗುಡ್ಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಹಿಂದೆ ತೆಂಗಿನ ತಲೆಗಳ ನಡುವೆ ಕೆಂಪು ಮಾಡುಗಳು ಕಾಣುತ್ತಿದ್ದುವು. ಇಂದು ಕಾಂಕ್ರೀಟಿನ ತಾರಸಿಗಳೇ ಹೆಚ್ಚು. ಆದರೂ ಹಂಚಿನ ಮನೆಗಳು ಪೂರ್ತಿಯಾಗಿ ಅಳಿದಿಲ್ಲ. ಅವುಗಳ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಹೊರಟವನಿಗೆ ಮೊದಲ ವಾಕ್ಯದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. 'ಹೌಸಸ್ ವಿತ್ ಎ ಟೈಲ್ಡ್ ರೂಫ್' ಎನ್ನಬೇಕೋ, 'ಹೌಸಸ್ ವಿತ್ ಟೈಲ್ಡ್ ರೂಫ್ಸ್' ಎನ್ನಬೇಕೋ? ಮೊದಲನೆಯದನ್ನು ಬರೆದರೆ ಎಲ್ಲ ಮನೆಗಳ ಮೇಲೂ ಸೇರಿ ಒಂದೇ ಮಾಡು ಹೊದಿಸಿದಂತಾಯಿತೇನೋ ಎಂಬ ಶಂಕೆ. ಎರಡನೆಯದನ್ನು ಬರೆದರೆ ಒಂದೊಂದು ಮನೆಗೂ ಮೂರುನಾಲ್ಕು ಮಾಡುಗಳಿದ್ದುವೇನೋ ಎಂಬ ಶಂಕೆ. ಇದೇ ಮಾತನ್ನು ಕನ್ನಡದಲ್ಲಿ ಹೇಳುವವನು 'ಹಂಚಿನ ಮನೆಗಳು' ಎಂದು ಹೇಳಿ ಮುಂದೆ ಹೋಗುತ್ತಾನೆ.

ಬಹುವಚನದ ನಾಮಪದವೊಂದರ ಬೆನ್ನಿಗೆ 'ವಿತ್', 'ಇನ್', 'ಆಫ್' ಮೊದಲಾದ ಉಪಸರ್ಗಗಳಿಂದ ಆರಂಭವಾಗುವ ಪದಪುಂಜ ಬಂದಾಗ, ಆ ಪುಂಜದೊಳಗಿನ ನಾಮಪದ ಯಾವ ವಚನದಲ್ಲಿರಬೇಕು ಎಂಬುದು ಇಂಗ್ಲಿಷರಿಗೂ ಪೂರ್ತಿ ಬಗೆಹರಿಯದ ಪ್ರಶ್ನೆ. ಕ್ವರ್ಕ್ ಮತ್ತು ಅವರ ಮೂವರು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣದಲ್ಲಿ ಇದರ ಚರ್ಚೆ ಇದೆ. ಸಾಮಾನ್ಯವಾಗಿ ಬಹುವಚನದ ಬೆನ್ನಿಗೆ ಬಹುವಚನವೇ ಬರುವುದು ವಾಡಿಕೆ. ಸಂದೇಹಕ್ಕೆ ಎಡೆಯಾಗುವಲ್ಲಿ, ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ನೆನೆಯುವಲ್ಲಿ ಏಕವಚನವೂ ಸಲ್ಲುತ್ತದೆ. ಕೆಲವು ನುಡಿಗಟ್ಟುಗಳಲ್ಲಂತೂ ಏಕವಚನವೇ ಗಟ್ಟಿ. ನೂರು ಜನ ಸಭಿಕರಿದ್ದರೂ ಅವರು ಬರಬೇಕಾದದ್ದು 'ವಿತ್ ಎನ್ ಓಪನ್ ಮೈಂಡ್'. ಅಷ್ಟು ಜನಕ್ಕೂ ಒಂದೇ ಮನಸ್ಸೇ ಎಂದು ಯಾರೂ ಕೇಳುವುದಿಲ್ಲ. ಆದರೆ 'ವಿಮೆನ್ ಇನ್ ಎ ರೆಡ್ ಸ್ಯಾರಿ' ಎಂದು ಬರೆದ ವಿದ್ಯಾರ್ಥಿಯ ಹಾಳೆಯ ಮೇಲೆ ಕೆಂಪು ಗೆರೆ ಬೀಳುವುದು ಖಂಡಿತ. ಹತ್ತು ಹೆಂಗಸರನ್ನು ಒಂದೇ ಸೀರೆಯಲ್ಲಿ ಸುತ್ತಿದ ಅಪರಾಧ ಅವನದು!

ಈ ಕೆಂಪು ಗೆರೆಯ ವಿಷಯವಾಗಿ ನನಗೆ ತಕರಾರಿದೆ. ರೂಢಿಯಲ್ಲಿ ಹಾಗೂ ನಡೆಯುವ, ಹೀಗೂ ನಡೆಯುವ ಸಂಗತಿಯನ್ನು ನಮ್ಮ ತರಗತಿಗಳಲ್ಲಿ ಶಾಸನವೆಂಬಂತೆ ಕಲಿಸುವುದುಂಟು. ಮಂಗಳೂರಿನಂಥ ಊರಿನಲ್ಲಿ ಇದರ ಪರಿಣಾಮ ವಿಚಿತ್ರವಾದದ್ದು. ಒಂದೇ ಬೆಂಚಿನ ಮೇಲೆ ತುಳು ಮಾತಾಡುವ ಹುಡುಗನೂ ಕೊಂಕಣಿ ಮಾತಾಡುವ ಹುಡುಗಿಯೂ ಕುಳಿತಿರುತ್ತಾರೆ. ಕೊಂಕಣಿಯವಳಿಗೆ 'ಏಕ್ ಘರ್', 'ದೋನ್ ಘರಾಂ' ಎಂದು ವಸ್ತುವಿಗೂ ಬಹುವಚನ ಹಚ್ಚಿ ಅಭ್ಯಾಸ. ತುಳುವಿನವನಿಗೆ 'ರಡ್ಡ್ ಇಲ್ಲ್', 'ಮೂಜಿ ಮರ'. ಸಂಖ್ಯೆ ಹೇಳಿದ ಮೇಲೆ ಬಹುತ್ವವನ್ನು ಮತ್ತೊಮ್ಮೆ ಏಕೆ ಹೇಳಬೇಕು ಎಂಬುದು ಆ ಭಾಷೆಯ ಧೋರಣೆ. ಆಡುಗನ್ನಡವೂ ತುಳುವಿನ ಪಕ್ಷದ್ದೇ; ಎರಡು ಮನೆ, ಮೂರು ಮರ, ನೂರು ತೆಂಗಿನಕಾಯಿ. ಇಂಗ್ಲಿಷಿನ ಈ ತೊಡಕಿನಲ್ಲಿ ತುಳುವಿನ ಹುಡುಗ ತಪ್ಪಿದನೆಂದರೆ ಅದು ದಡ್ಡತನವಲ್ಲ, ಮನೆಯಿಂದ ತಂದ ತರ್ಕ. ಅದನ್ನು ಅವನಿಗೆ ತಿಳಿಸಿಹೇಳುವ ಮೇಷ್ಟರು ಸಿಕ್ಕಿದರೆ ಅವನ ಪುಣ್ಯ.

ಮಾತೃಭಾಷೆಯ ಪ್ರಸ್ತಾಪ ಬಂದದ್ದರಿಂದ ಒಂದು ಉದಾಹರಣೆ ಹೇಳಿಬಿಡುತ್ತೇನೆ. 'ಇಂಗ್ಲಿಷಲ್ಲದ ಮಾತೃಭಾಷೆಯ ಮಕ್ಕಳು' ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ 'ಮದರ್ ಟಂಗ್' ಎನ್ನುವುದೋ 'ಮದರ್ ಟಂಗ್ಸ್' ಎನ್ನುವುದೋ? ಲಂಡನ್ನಿನಲ್ಲಿ ಇದು ಬರಿಯ ವ್ಯಾಕರಣದ ಪ್ರಶ್ನೆಯಾದೀತು. ಅಮ್ಮನೊಡನೆ ತುಳು, ನೆರೆಮನೆಯವರೊಡನೆ ಕೊಂಕಣಿ ಅಥವಾ ಬ್ಯಾರಿ, ಪಾಠದ ಪುಸ್ತಕದೊಡನೆ ಕನ್ನಡ ಆಡುವ ಮಗುವಿನ ಊರಿನಲ್ಲಿ ಅದು ವಾಸ್ತವದ ಪ್ರಶ್ನೆಯೇ.

ಇಷ್ಟರಿಂದ ಕನ್ನಡದಲ್ಲಿ ವಚನದ ಕಟ್ಟುನಿಟ್ಟೇ ಇಲ್ಲವೆಂದು ತಿಳಿಯಬಾರದು. 'ಮೀನಿನ ಮಾರುಕಟ್ಟೆ' ಎನ್ನುತ್ತೇವೆ. ಬಂದರಿನಲ್ಲಿ ಒಂದೇ ಮೀನು ಮಾರುವುದಿಲ್ಲವಾದರೂ 'ಮೀನುಗಳ ಮಾರುಕಟ್ಟೆ' ಎನ್ನುವುದಿಲ್ಲ. ಆದರೆ 'ಮಕ್ಕಳ ಆಸ್ಪತ್ರೆ' ಎನ್ನಲೇಬೇಕು, 'ಮಗುವಿನ ಆಸ್ಪತ್ರೆ' ಆಗದು. 'ನಿಮಗೆ ಮಕ್ಕಳಿದ್ದಾರೆಯೇ?' ಎಂಬ ಪ್ರಶ್ನೆಗೆ 'ಇದ್ದಾರೆ, ಒಬ್ಬಳು ಮಗಳು' ಎಂಬ ಉತ್ತರ ನಮಗೆ ಸಹಜ. ಮನುಷ್ಯರಾದರೆ ಬಹುವಚನ ಬೇಕು. ವಸ್ತುವಾದರೆ ಬೇಕಾದಾಗ ಮಾತ್ರ. ಹೂವಿನ ಬುಟ್ಟಿ ಒಂದು ಬಗೆ, ಹೂಗಳ ಪ್ರದರ್ಶನ ಇನ್ನೊಂದು ಬಗೆ: ಪ್ರದರ್ಶನದಲ್ಲಿ ಹೂಗಳ ವೈವಿಧ್ಯ ಮುಖ್ಯವಾದ್ದರಿಂದ ಅಲ್ಲಿ 'ಗಳು' ತನ್ನ ಕೂಲಿಯನ್ನು ದುಡಿದುಕೊಳ್ಳುತ್ತದೆ. ಈ ವಿವೇಚನೆ ಓದುಬರಹವಿಲ್ಲದವರ ಬಾಯಲ್ಲೂ ತಪ್ಪುವುದಿಲ್ಲ. ತಪ್ಪುವುದು ಬರೆಯುವವರ ಕೈಯಲ್ಲಿ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿಯೇ. ಇಂಗ್ಲಿಷಿನವರ ತೊಡಕು ಇಂಗ್ಲಿಷಿನವರಿಗಿರಲಿ. ಆದರೆ ನಮ್ಮ ಭಾಷಾಂತರಕಾರರು ಆ ತೊಡಕನ್ನು ಹೊತ್ತುತಂದು ಕನ್ನಡದೊಳಕ್ಕೆ ಇಳಿಸಿದ್ದಾರೆ. ಹಂಚಿನ ಮನೆಗಳು ಈಗ ಸುದ್ದಿಯಲ್ಲಿ, ಸುತ್ತೋಲೆಯಲ್ಲಿ 'ಹಂಚುಗಳ ಛಾವಣಿಗಳನ್ನು ಹೊಂದಿರುವ ಮನೆಗಳು' ಆಗಿವೆ. ಎರಡು ಪದ ನಾಲ್ಕು ಪದವಾಯಿತು. ತಿಳಿವಳಿಕೆ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಈ 'ಹೊಂದಿರುವ' ಎಂಬುದು 'ವಿತ್' ಎಂಬ ಪುಟ್ಟ ಪದದ ಪ್ರತಿನಿಧಿ. ಗಡ್ಡದವರು ಗಡ್ಡಗಳನ್ನು ಹೊಂದಿರುವ ವ್ಯಕ್ತಿಗಳಾದರು. ಕನ್ನಡಕದ ಹುಡುಗರು ಕನ್ನಡಕಗಳನ್ನು ಧರಿಸಿರುವ ಬಾಲಕರಾದರು. ಗಡ್ಡ ಮನುಷ್ಯನಿಗೆ ಬೆಳೆಯುತ್ತದೆ, ಮನುಷ್ಯನು ಅದನ್ನು ಹೊಂದುವುದಿಲ್ಲ. ಅಪಘಾತದಲ್ಲಿ ಸತ್ತವರು 'ತಮ್ಮ ಪ್ರಾಣಗಳನ್ನು ಕಳೆದುಕೊಂಡರು' ಎಂದು ಓದಿದಾಗಲೂ ಹೀಗೆಯೇ ಕಸಿವಿಸಿ. ಎಷ್ಟು ಜನ ಸತ್ತರೂ ಕನ್ನಡದಲ್ಲಿ ಕಳೆದುಕೊಳ್ಳುವುದು ಪ್ರಾಣ. (ಪಂಚಪ್ರಾಣಗಳೆಂದು ನಮ್ಮ ಹಿರಿಯರು ಲೆಕ್ಕ ಹಾಕಿದ್ದರಿಂದ ಒಬ್ಬನು ಸತ್ತರೂ ಬಹುವಚನ ಬೇಕೆಂದು ಯಾರಾದರೂ ವಾದಿಸಿದರೆ ನನ್ನಲ್ಲಿ ಉತ್ತರವಿಲ್ಲ.)

ಈ ರೋಗದ ಮೂಲ ಆಡಳಿತದ ಭಾಷೆಯಲ್ಲಿದೆಯೆಂದು ನನಗೆ ತೋರುತ್ತದೆ. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೂ ಮದರಾಸಿಗೆ ಸೇರಿತ್ತು. ಕಚೇರಿಯ ಮೇಲುಮಟ್ಟದ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ. ರಾಜ್ಯದಲ್ಲಿ 1963ರಲ್ಲಿ ಆಡಳಿತ ಭಾಷೆಯ ಕಾನೂನು ಬಂದ ಮೇಲೆ ಕಡತಗಳು ಕನ್ನಡವಾಗತೊಡಗಿದುವು. ಆದರೆ ಕರಡು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡದಲ್ಲಿ ನಕಲಾಗುವ ಪರಿಪಾಠ ನಿಲ್ಲಲಿಲ್ಲ. ನಕಲು ಮಾಡುವವನಿಗೆ ಮೂಲದ ಒಂದೊಂದು 'ಎಸ್' ಅಕ್ಷರಕ್ಕೂ ಒಂದೊಂದು 'ಗಳು' ಬರೆದರೆ ಲೆಕ್ಕ ಸರಿಹೋಯಿತೆಂಬ ನೆಮ್ಮದಿ.

ಇದು ನಡೆಯುತ್ತಿರುವುದು ಎಂಥ ಊರಿನಲ್ಲಿ ಎಂಬುದನ್ನೂ ನೆನೆಯಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟದ್ದು ಇಲ್ಲಿಂದ. ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿ ಇಲ್ಲಿ ಅಚ್ಚಾಯಿತು. ಅವರ ಮಹಾನಿಘಂಟು 1894ರಲ್ಲಿ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ಇಂಗ್ಲಿಷ್ ವ್ಯಾಕರಣ 1903ರಲ್ಲಿ. ಆ ಬಾಸೆಲ್ ಮಿಷನ್ನಿನವರೇ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಜರ್ಮನರು ಕನ್ನಡವನ್ನು ಕನ್ನಡದ ಸೂತ್ರಗಳಿಂದ ಅರಿಯಲು ಕೇಶಿರಾಜನ ಬಾಗಿಲಿಗೆ ಹೋದರು. ನಾವು ಅವರ ಹಂಚನ್ನು ಕನ್ನಡದಲ್ಲಿ ಹೆಸರಿಸಲು ಇಂಗ್ಲಿಷಿನ ಬಾಗಿಲಿಗೆ ಹೋಗುತ್ತಿದ್ದೇವೆ.

ಕಿವಿಗೆ ಒಗ್ಗುವುದಿಲ್ಲ ಎಂಬುದಷ್ಟೇ ದೂರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದರಿಂದ ಅರ್ಥವೂ ಕೆಡುತ್ತದೆ. ಕೆಲವು ಸಲ ಹಣದ ಮಾತೂ ಆಗುತ್ತದೆ. 'ಮೃತರ ಕುಟುಂಬಗಳಿಗೆ ಐದು ಲಕ್ಷ ರೂಪಾಯಿಗಳ ಪರಿಹಾರಗಳನ್ನು ಘೋಷಿಸಲಾಗಿದೆ' ಎಂಬಂಥ ವಾಕ್ಯವನ್ನು ನೋಡಿ. ಒಂದು ಕುಟುಂಬಕ್ಕೆ ಐದು ಲಕ್ಷವೋ, ಎಲ್ಲ ಕುಟುಂಬಗಳಿಗೂ ಸೇರಿ ಐದು ಲಕ್ಷವೋ? 'ಗಳು' ಮೂರು ಕಡೆ ಬಂದರೂ ಉತ್ತರ ದೊರೆಯಲಿಲ್ಲ. ಮನೆ ಕೊಳ್ಳುವವರ ಪಾಡೂ ಇದೇ. 'ಬಾಲ್ಕನಿಗಳನ್ನು ಹೊಂದಿರುವ ಫ್ಲ್ಯಾಟುಗಳು' ಎಂಬ ಜಾಹೀರಾತಿನಿಂದ ತನಗೆ ಬರುವ ಬಾಲ್ಕನಿ ಒಂದೋ ಎರಡೋ ಎಂದು ಅವನು ಹೇಗೆ ತಿಳಿಯಬೇಕು?

ಸ್ವಾರಸ್ಯವೇನೆಂದರೆ, ಇಂಗ್ಲಿಷು 'ಈಚ್' ಎಂಬ ಪದವನ್ನು ಬೇರೆಯಾಗಿ ತಂದು ಬಿಡಿಸಬೇಕಾದ ಈ ಗಂಟನ್ನು ಬಿಡಿಸಲು ಕನ್ನಡಕ್ಕೆ ಸಂಖ್ಯೆಯೊಂದನ್ನು ಎರಡು ಸಲ ಹೇಳಿದರೆ ಸಾಕು. ಒಂದೊಂದು, ಎರಡೆರಡು, ಐದೈದು, ಹತ್ತುಹತ್ತು. ತುಳುವಿನಲ್ಲಿಯೂ ಹೀಗೆಯೇ 'ಒಂಜೊಂಜಿ'. 'ಕುಟುಂಬಗಳಿಗೆ ಐದೈದು ಲಕ್ಷ ರೂಪಾಯಿ ಪರಿಹಾರ' ಎಂದರೆ ಮಾತು ಮುಗಿಯಿತು. 'ಎರಡೆರಡು ಬಾಲ್ಕನಿಯ ಫ್ಲ್ಯಾಟುಗಳು' ಎಂದರೆ ಮಾರುವವನು ಮಾತು ತಪ್ಪುವಂತಿಲ್ಲ. 'ಮನೆಗೊಂದು', 'ತಲೆಗೆರಡು' ಎಂಬ ರೂಪಗಳೂ ಇವೆ. ಪತ್ರಿಕೆಗಳು 'ತಲಾ' ಎಂಬುದನ್ನು ಆಗೊಮ್ಮೆ ಈಗೊಮ್ಮೆ ಬಳಸುತ್ತವೆ. ಅದಕ್ಕೆ ನಾನು ಕೃತಜ್ಞ. ಆದರೆ 'ಐದೈದು' ಎಂಬುದು ಆಡುಮಾತು, ಅಚ್ಚಿಗೆ ಗಂಭೀರವಲ್ಲ ಎಂಬ ಭಾವನೆ ಬರೆಯುವವರಲ್ಲಿ ಬೇರೂರಿದೆ.

ವಿಶೇಷಣಗಳೆಲ್ಲ ನಾಮಪದದ ಮುಂದೆಯೇ ಸಾಲುಗಟ್ಟುವುದರಿಂದ ಕನ್ನಡದಲ್ಲಿಯೂ ಬೇರೆ ಬಗೆಯ ಗೊಂದಲಗಳು ಇಲ್ಲದಿಲ್ಲ. 'ಹಳೆಯ ಮನೆಗಳ ಮಾಲಿಕರು' ಎಂದಾಗ ಹಳೆಯದಾದದ್ದು ಮನೆಯೋ ಮಾಲಿಕರೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಅದು ಬೇರೆಯೇ ವಿಷಯ. ವಚನದ ಮಟ್ಟಿಗಂತೂ ನಮಗೆ ಸಾಲ ಮಾಡುವ ಅವಶ್ಯಕತೆ ಇರಲಿಲ್ಲ.

ಅಚ್ಚಿನ ಗಾಂಭೀರ್ಯಕ್ಕೆ ಹೆದರುವವರು ಒಮ್ಮೆ ಮದುವೆಯ ಊಟದ ಪಂಕ್ತಿಗೆ ಬರಬೇಕು. ಅಲ್ಲಿ ಬಡಿಸುವವನಿಗೆ 'ಎಲೆಗೆ ಎರಡೆರಡು ಹೋಳಿಗೆ' ಎಂದು ಕೂಗಿದರೆ ಇನ್ನೂರು ಜನಕ್ಕೂ ನ್ಯಾಯವಾಗಿ ಸಲ್ಲುತ್ತದೆ. 'ಎಲೆಗಳಿಗೆ ಎರಡು ಹೋಳಿಗೆಗಳನ್ನು ಬಡಿಸಿರಿ' ಎಂದರೆ ಅವನು ಬುಟ್ಟಿ ಹಿಡಿದುಕೊಂಡು ಯಾರ ಎಲೆಗೆಂದು ಕೇಳುತ್ತ ನಿಂತಾನು.